ನಾನು ಬಡಿಯದ ರೊಟ್ಟಿ

ಇಂಥದ್ದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಸಿಂಧನೂರಿನಲ್ಲಿ ಪಿಯು ಮಕ್ಕಳಿಗೆ ಇತಿಹಾಸ ಕಲಿಸುವವಳು ನಾನು. ಒಬ್ಬರೇ ಸಾಕ್ಷಿ ಇದ್ದರೆ ನಂಬಬೇಡಿ, ಆ ಸಾಕ್ಷಿ ನೀವೇ ಆಗಿದ್ದರೆ ಇನ್ನೂ ನಂಬಬೇಡಿ ಎಂದು ಪ್ರತಿ ವರ್ಷ ಹೇಳುತ್ತ ಬಂದಿದ್ದೇನೆ. ದಿನಚರಿ ಬರೆಯುವುದೂ ಅದಕ್ಕೇ. ನೆನಪು ತನಗೆ ಬೇಕಾದಂತೆ ತಿದ್ದಿಕೊಳ್ಳುತ್ತದೆ, ಕಾಗದಕ್ಕೆ ಆ ಚಾಳಿ ಇಲ್ಲ. ಆದರೆ ಆ ದಿನದ ಪುಟದಲ್ಲಿರುವುದು ಒಂದೇ ಸಾಲು. ಅದನ್ನು ಆಮೇಲೆ ಹೇಳುತ್ತೇನೆ.

ಎರಡು ವರ್ಷದ ಹಿಂದೆ ನನ್ನ ಗರ್ಭಕೋಶದಲ್ಲಿ ಗಡ್ಡೆಗಳಾಗಿ, ಲಿಂಗಸುಗೂರಿನ ಆಸ್ಪತ್ರೆಯೊಂದರಲ್ಲಿ ಹೊಟ್ಟೆ ಕೊಯ್ದು ತೆಗೆಯುವುದೆಂದು ನಿಶ್ಚಯವಾಯಿತು. ಪರೀಕ್ಷೆಗೆ ಕೂರುವವಳ ಹಾಗೆ ತಯಾರಾದೆ. ಮುಂದೆ ಗುಂಡಿ ಇರುವ ಎರಡು ನೈಟಿ ಕೊಂಡೆ. ಬಚ್ಚಲಲ್ಲಿ ಸ್ಟೂಲ್ ಇಡಿಸಿದೆ. ಬಗ್ಗಬಾರದು, ಕೈ ಎತ್ತಬಾರದು ಎಂದಿದ್ದರಿಂದ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಸೊಂಟದ ಎತ್ತರಕ್ಕೆ ಇಳಿಸಿದೆ. ಕೆಮ್ಮು ಬಂದರೆ ಹೊಟ್ಟೆಗೆ ಒತ್ತಿಕೊಳ್ಳಲು ಒಂದು ಸಣ್ಣ ದಿಂಬು ಹೊಲಿಸಿದೆ. ಅತ್ತೆಯ ಗುಳಿಗೆ ಯಾವ ಹೊತ್ತಿಗೆ, ಹಾಲಿನವನು ಬರುವುದು ಯಾವಾಗ, ಸಾರಿಗೆ ಉಪ್ಪೆಷ್ಟು ಎಂದೆಲ್ಲ ಎರಡು ಹಾಳೆ ಬರೆದು ಗೋಡೆಗೆ ಅಂಟಿಸಿದೆ. ನಾನಿಲ್ಲದಿದ್ದರೆ ಮನೆ ನಡೆಯುವುದಿಲ್ಲ ಎಂದು ನಿಜವಾಗಿ ನಂಬಿದ್ದೆ.

ಮನೆ ಚೆನ್ನಾಗಿಯೇ ನಡೆದಿತ್ತು. ಮಸ್ಕಿಯಿಂದ ಮೈದುನನ ಹೆಂಡತಿ ಶರಣಮ್ಮ ಬಂದಿದ್ದಳು. ಆರನೆಯ ದಿನ ನಾನು ಮನೆಗೆ ಮರಳಿದಾಗ ಗೋಡೆಯ ಮೇಲೆ ನನ್ನ ಹಾಳೆಗಳಿರಲಿಲ್ಲ. ಜಿಡ್ಡು ಇಳಿಯದಿರಲೆಂದು ಅವನ್ನು ಮಡಚಿ ಎಣ್ಣೆ ಡಬ್ಬಿಯ ಕೆಳಗೆ ಹಾಸಿದ್ದಳು. ಡಬ್ಬಿಗಳು ಮತ್ತೆ ಮೇಲಿನ ಹಲಗೆ ಸೇರಿದ್ದವು. ಅವಳು ನನಗಿಂತ ಎತ್ತರ.

"ಶರಣಮ್ಮನ ರೊಟ್ಟಿ ನೋಡು, ಹಾಳಿ ಇದ್ದಂಗ ಅದಾವ. ನಿನ್ನವು ಅಂದ್ರ ರಟ್ಟು" ಎಂದು ನಮ್ಮ ಮನೆಯವರು ಮೂರನೆಯ ರೊಟ್ಟಿ ಮುರಿಯುತ್ತ ನಕ್ಕರು.

"ಸುಮ್ನಿರ್ರಿ ಭಾವಾರ, ಅಕ್ಕನ್ನ ನಗಸಬ್ಯಾಡ್ರಿ, ಹೊಲಿಗಿ ಹಸಿ ಅದಾವ" ಎಂದಳು ಶರಣಮ್ಮ.

ನನಗೆ ನಗು ಬಂದಿರಲಿಲ್ಲ. ಆದರೂ ದಿಂಬು ಒತ್ತಿಕೊಂಡೆ.

ಅವಳೇ ನನ್ನನ್ನು ಎಬ್ಬಿಸುತ್ತಿದ್ದಳು, ಬೆನ್ನು ಒರೆಸುತ್ತಿದ್ದಳು, ತಲೆ ಬಾಚುತ್ತಿದ್ದಳು. ಮೈ ತೊಳೆಯುವವಳ ಮೇಲೆ ಹೊಟ್ಟೆಕಿಚ್ಚು ಪಡುವುದು ಕೀಳು ಎಂದು ಗೊತ್ತಿತ್ತು. ಗೊತ್ತಿದ್ದ ಮಾತ್ರಕ್ಕೆ ಅದು ಕಡಿಮೆಯಾಗಲಿಲ್ಲ. ಹಾಸಿಗೆಯಲ್ಲಿ ಬಿದ್ದುಕೊಂಡು ಅವಳ ರೊಟ್ಟಿಯ ಸದ್ದು ಕೇಳುವುದೇ ನನಗೆ ದೊಡ್ಡ ಸಂಕಟ. ನಮ್ಮ ಕಡೆ ಒಬ್ಬೊಬ್ಬ ಹೆಂಗಸಿನ ಬಡಿತ ಒಂದೊಂದು ತರಹ. ಗೋಡೆಯಾಚೆ ಕೂತವರೂ ಯಾರ ಕೈ ಎಂದು ಹೇಳುತ್ತಾರೆ. ಶರಣಮ್ಮನದು ಚಕಚಕ ಓಡುವ ಕೈ. ನನ್ನದು ಕುಂಟು. ಚಿಕ್ಕವಳಿದ್ದಾಗ ಬಲಗೈ ಉಂಗುರಬೆರಳು ಮುರಿದು ಸೊಟ್ಟಗೆ ಕೂಡಿದೆ. ಮೂರು ಬಡಿತ ಸರಿ, ನಾಲ್ಕನೆಯದು ಮಂಕು. ರೊಟ್ಟಿಯ ಅಂಚಿನಲ್ಲಿ ಆ ಬೆರಳು ಬಿದ್ದ ಕಡೆಯಲ್ಲೆಲ್ಲ ಒಂದು ತಗ್ಗು ಉಳಿಯುತ್ತದೆ. ಕಣ್ಣಿಗೆ ಪೊರೆ ಬಂದಿರುವ ನಮ್ಮ ಅತ್ತೆ ಆ ತಗ್ಗು ಮುಟ್ಟಿಯೇ ನನ್ನ ರೊಟ್ಟಿಯನ್ನು ಗುರುತಿಸುತ್ತಿದ್ದರು.

ಮನೆಗೆ ಬಂದು ಎಂಟು ದಿನವಾಗಿತ್ತು. ರೇಷನ್ ಕಾರ್ಡಿಗೆ ಹೆಬ್ಬೆಟ್ಟು ಒತ್ತಬೇಕೆಂದು ಶರಣಮ್ಮ ಬೆಳಿಗ್ಗೆಯೇ ಮಸ್ಕಿಗೆ ಹೋದಳು. ಹೋಗುವಾಗ ಅನ್ನ, ಸಾರು ಮಾಡಿಟ್ಟು, "ಬಂದು ರೊಟ್ಟಿ ಬಡಿತೀನಿ, ನೀ ಏಳಬ್ಯಾಡಕ್ಕ" ಎಂದಿದ್ದಳು. ಮನೆಯವರು ಕೆಲಸಕ್ಕೆ ಹೋಗಿದ್ದರು. ಅತ್ತೆ ಹೊರಗೆ ಕಟ್ಟೆಯ ಮೇಲಿದ್ದರು. ಮಧ್ಯಾಹ್ನ ಕರೆಂಟು ಹೋಗಿ ಫ್ಯಾನು ನಿಂತಿತು. ಮನೆ ನಿಶ್ಶಬ್ದವಾಯಿತು.

ಆಗ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಬಂತು. ಮೂರು ಬಡಿತ, ಒಂದು ಮಂಕು. ಮತ್ತೆ ಮೂರು, ಒಂದು ಮಂಕು.

ನನಗೆ ಮೊದಲು ಹೆದರಿಕೆಯಾಗಲಿಲ್ಲ, ಸಿಟ್ಟು ಬಂತು. ಶರಣಮ್ಮ ಬೇಗ ಬಂದು, ನನ್ನನ್ನು ಅಣಕಿಸುತ್ತಿದ್ದಾಳೆ ಎಂದುಕೊಂಡೆ. ಮನೆ ತಗೊಂಡಳು, ಈಗ ನನ್ನ ಕುಂಟೂ ಬೇಕಾಯಿತೇ? "ಶರಣಮ್ಮಾ" ಎಂದು ಕೂಗಿದೆ. ಸದ್ದು ನಡೆದೇ ಇತ್ತು. ನರ್ಸ್ ಕಲಿಸಿದಂತೆ ಮಗ್ಗುಲಾಗಿ, ಮೊಣಕೈ ಊರಿ, ದಿಂಬು ಅವುಚಿ ಏಳುವುದಕ್ಕೆ ಬಹಳ ಹೊತ್ತು ಹಿಡಿಯಿತು. ಗೋಡೆ ಹಿಡಿದು ಬಾಗಿಲಿಗೆ ಬಂದಾಗ ಒಳಗೆ ಯಾರೂ ಇರಲಿಲ್ಲ. ಒಲೆ ಆರಿತ್ತು, ಹಂಚು ಬಿಸಿ ಇತ್ತು. ಬುಟ್ಟಿಯ ಬಟ್ಟೆ ಸರಿಸಿದೆ. ಐದು ರೊಟ್ಟಿ. ಐದರ ಅಂಚಿನಲ್ಲೂ ನನ್ನ ಬೆರಳಿನ ತಗ್ಗು.

ಅತ್ತೆಯನ್ನು ಕೇಳಿದೆ. "ಯಾರು ಬಡದ್ರು ಅಂತ ನನ್ನ ಕೇಳ್ತಿಯಲ್ಲಬೇ? ನಿನ್ನ ಕೈ ನನಗ ಗೊತ್ತಾಗಂಗಿಲ್ಲನು?" ಎಂದು ಬೈದರು. ಅಷ್ಟರಲ್ಲಿ ಪಕ್ಕದ ಮನೆಯ ರಜಿಯಾ ಗೋಡೆಯಾಚೆಯಿಂದಲೇ ಕೂಗಿದಳು: "ಏನ್ರೀ ಅಕ್ಕಾರ, ಹೊಟ್ಟಿ ಹೊಲಿಗಿ ಒಣಗೋದ್ರಾಗ ರೊಟ್ಟಿಗೆ ಕುಂತ್ರಿ? ಜರಾ ಸಬೂರಿ ಇಲ್ಲೇನು ನಿಮಗ?"

ಶರಣಮ್ಮ ಬಂದದ್ದು ಸಂಜೆ ನಾಲ್ಕರ ಸುಮಾರಿಗೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಅವಳು ಕೈಕಾಲು ತೊಳೆಯಲು ಹೋದಾಗ ಅವಳ ಚೀಲ ತೆಗೆದು ಬಸ್ ಟಿಕೆಟ್ ನೋಡಿದೆ. ಹೆಂಗಸರಿಗೆ ಕೊಡುವ ಉಚಿತ ಟಿಕೆಟ್. ಮಸ್ಕಿಯಿಂದ ಸಿಂಧನೂರಿಗೆ, ಮೂರು ಗಂಟೆ ದಾಟಿದ ಮೇಲಿನದು. ತಲೆ ಎತ್ತಿದರೆ ಅವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಹಾಗೆಯೇ ಅಡುಗೆಮನೆಗೆ ಹೋಗಿ ಬುಟ್ಟಿ ತೆರೆದಳು.

"ನನ್ನ ರೊಟ್ಟಿ ಸೇರಲಿಲ್ಲಂದ್ರ ಬಾಯಿಬಿಟ್ಟು ಹೇಳಬೇಕಿತ್ತಕ್ಕ. ಹೊಲಿಗಿ ಬಿಚ್ಚಿದ್ರ ಮಂದಿ ಯಾರಿಗಿ ಅಂತಿದ್ರು?"

ನಾನಲ್ಲ ಎಂದೆ.

"ಮತ್ತ ಇವು ಯಾರ ಬೆರಳು?" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಮರುದಿನ ಮೊದಲ ಬಸ್ಸಿಗೆ ಹೋದಳು. ಆಮೇಲೆ ಹಬ್ಬಕ್ಕೆ, ಮದುವೆಗೆ ಬಂದಿದ್ದಾಳೆ. ನಮ್ಮ ಮನೆಯಲ್ಲಿ ಒಂದು ರಾತ್ರಿಯೂ ಉಳಿದಿಲ್ಲ.

ನಾನೇ ಎದ್ದು ಬಡಿದಿರಬಹುದೇ? ನೋವಿನ ಗುಳಿಗೆಯ ಮಂಪರಿನಲ್ಲಿ, ಹೊಟ್ಟೆಕಿಚ್ಚಿನಲ್ಲಿ? ಎಷ್ಟೋ ಸಲ ಕೇಳಿಕೊಂಡಿದ್ದೇನೆ. ನಮ್ಮ ರೊಟ್ಟಿಯ ಒಲೆ ನೆಲದ ಮೇಲಿನದು. ಮರುದಿನ ಪರೀಕ್ಷೆಗೆಂದು ನೆಲಕ್ಕೆ ಕೂರಲು ನೋಡಿದೆ. ಅರ್ಧಕ್ಕೇ ಕಣ್ಣು ಕತ್ತಲೆ ಬಂತು. ಹಿಟ್ಟಿನ ಡಬ್ಬಿ ಮೇಲಿನ ಹಲಗೆಯಲ್ಲಿ, ಕೈ ಎತ್ತಲಾಗದ ನನಗೆ ಎಟುಕದ ಎತ್ತರದಲ್ಲಿಯೇ ಇತ್ತು. ಹೊಲಿಗೆಯ ಪಟ್ಟಿ ಒಣಗಿಯೇ ಇತ್ತು. ಇಷ್ಟು ಹೇಳಿ ಸಮಾಧಾನ ಮಾಡಿಕೊಳ್ಳಬಹುದಿತ್ತು, ದಿನಚರಿಯ ಆ ಸಾಲು ಇಲ್ಲದಿದ್ದರೆ. ನನ್ನದೇ ಅಕ್ಷರ: "ಇವತ್ತು ರೊಟ್ಟಿ ರುಚಿಯಾಗಿದ್ದವು." ತಿಂದದ್ದಾಗಲಿ, ಬರೆದದ್ದಾಗಲಿ ನನಗೆ ನೆನಪಿಲ್ಲ.

ಮೂರು ತಿಂಗಳಾದ ಮೇಲೆ ಡಾಕ್ಟರು ಎಲ್ಲ ಕೆಲಸಕ್ಕೂ ಒಪ್ಪಿಗೆ ಕೊಟ್ಟರು. ನಾನು ಖುಷಿಯಿಂದ ಒಲೆಯ ಮುಂದೆ ಕೂತೆ. ಡಬ್ಬಿಗಳು ನನ್ನ ಎತ್ತರಕ್ಕೆ ಬಂದಿದ್ದವು, ಮನೆ ಮತ್ತೆ ನನ್ನದಾಗಿತ್ತು. ಮೊದಲ ರೊಟ್ಟಿ ಬಡಿದು ಹಂಚಿಗೆ ಹಾಕಿದೆ. ಎರಡನೆಯದಕ್ಕೆ ಕೈ ಹಾಕಿದ್ದೆ, ಕಟ್ಟೆಯ ಮೇಲಿಂದ ಅತ್ತೆ ಕೇಳಿದರು:

"ಶರಣಮ್ಮ ಯಾವಾಗ ಬಂದಳ?"

ಕೈ ಅಲ್ಲೇ ನಿಂತಿತು. ಹಂಚಿನ ಮೇಲಿನ ರೊಟ್ಟಿಯ ಅಂಚು ನೋಡಿದೆ. ಸುತ್ತಲೂ ನುಣ್ಣಗಿತ್ತು. ಸೊಟ್ಟ ಬೆರಳು ಸೊಟ್ಟಗೇ ಇದೆ, ಇಂದಿಗೂ. ಆದರೆ ಆ ಕುಂಟು ಬಡಿತ ಮತ್ತೆ ನನ್ನ ಕೈಗೆ ಬಂದಿಲ್ಲ. ಎಷ್ಟು ಪ್ರಯತ್ನಿಸಿದರೂ ಅದು ಅಣಕಿಸಿದಂತೆಯೇ ಕೇಳುತ್ತದೆ. ಆ ಮಧ್ಯಾಹ್ನ ಅಡುಗೆಮನೆಯಲ್ಲಿ ಕೂತವಳು ಯಾರೋ ನನಗೆ ತಿಳಿಯದು. ಶರಣಮ್ಮನ ಮೇಲಿನ ಹೊಟ್ಟೆಕಿಚ್ಚು ಎಂದೋ ಹೋಯಿತು. ಅಂದು ಕೂತವಳ ಮೇಲಿನದು ಹೋಗಿಲ್ಲ.