ಮುಟ್ಬೇಡಣ್ಣ ಹಾಕಿದ ಒಂದು ಸಾಲು

ನಮ್ಮ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದವನನ್ನು ಎಲ್ಲರೂ ಮುಟ್ಬೇಡಣ್ಣ ಎಂದೇ ಕರೆಯುತ್ತಿದ್ದರು. ಆಸ್ಪತ್ರೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ಅವನದು. ಯಾರಾದರೂ ಅದರ ಹತ್ತಿರ ಕೈ ಚಾಚಿದರೆ ಸಾಕು, “ಮುಟ್ಬೇಡಿ, ನಡೀತಿದೆಯಲ್ಲ!” ಎಂದು ಹೌಹಾರುತ್ತಿದ್ದ. ಮನೆಯಲ್ಲೂ ಅದೇ ಚಾಳಿ. ಅವನ ಫ್ಯಾನು ದಮ್ಮು ಹಿಡಿದವರ ಹಾಗೆ ಏದುಸಿರು ಬಿಡುತ್ತಿತ್ತು. ರಿಪೇರಿ ಮಾಡಿಸೋ ಪುಣ್ಯಾತ್ಮ ಎಂದರೆ, “ತಿರುಗ್ತಿದೆಯಲ್ಲಕ್ಕಾ” ಎನ್ನುವನು. ನಲವತ್ತು ದಾಟಿದರೂ ಮದುವೆಯಾಗಿರಲಿಲ್ಲ. “ಹೆಣ್ಣಿನ ಕಡೆಯವರಿಗೂ ಮುಟ್ಬೇಡಿ ಅಂದ್ಬಿಟ್ಟೆಯೇನೋ?” ಎಂದು ನಮ್ಮ ಯಜಮಾನರು ರೇಗಿಸಿದರೆ, ಕಿವಿ ಕೆಂಪಗೆ ಮಾಡಿಕೊಂಡು ಮೆಟ್ಟಿಲು ಹತ್ತಿಬಿಡುತ್ತಿದ್ದ.

ಯಜಮಾನರಿಗೆ ಕಿಡ್ನಿ ಕೈಕೊಟ್ಟ ಮೇಲೆ ಅದೇ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಹೋಗತೊಡಗಿದೆವು. ಮೈಯಿಂದ ರಕ್ತ ಕೊಳವೆಯಲ್ಲಿ ಹೊರಬಂದು, ಯಂತ್ರದಲ್ಲಿ ಶುದ್ಧವಾಗಿ, ಮತ್ತೆ ಒಳಗೆ ಹೋಗುತ್ತದೆ. ಅದು ದಾರಿಯಲ್ಲಿ ಹೆಪ್ಪುಗಟ್ಟದಿರಲೆಂದು ಸಾಮಾನ್ಯವಾಗಿ ಒಂದು ಔಷಧ ಕೊಡುತ್ತಾರೆ. ನಮ್ಮವರಿಗೆ ಅದನ್ನು ಕೊಡುವಂತಿರಲಿಲ್ಲ. ಹೊಟ್ಟೆಯಲ್ಲಿ ಹುಣ್ಣಾಗಿ ಹಿಂದೊಮ್ಮೆ ರಕ್ತ ಸೋರಿತ್ತು. ಆ ಔಷಧ ಬಿದ್ದರೆ ಸೋರುವುದು ನಿಲ್ಲುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಸಿಸ್ಟರ್ ಮೇಜಿನ ಕಂಪ್ಯೂಟರಿನಲ್ಲಿ ಅವರ ಪುಟ ತೆರೆದರೆ ಮೇಲ್ಗಡೆಯೇ ಕೆಂಪು ಚೌಕದಲ್ಲಿ ಆ ಎಚ್ಚರಿಕೆ ಇರುತ್ತಿತ್ತು. ನನಗೆ ಗಾಜಿನ ಬಾಗಿಲಿನ ಹೊರಗಿನ ಬೆಂಚು, ಒಳಗೆ ಬಿಡುತ್ತಿರಲಿಲ್ಲ.

ಆ ಪುಟಗಳನ್ನು ಮುಟ್ಬೇಡಣ್ಣನೇ ಹರೆಯದಲ್ಲಿ ಮಾಡಿದ್ದ. ಪುಟಗಳನ್ನು ತೆರೆದು ತೋರಿಸುವುದಕ್ಕೆ ಬ್ರೌಸರ್ ಎಂಬುದೊಂದು ಬೇಕು. ಅಂದಿನ ಬ್ರೌಸರಿಗೆ ಒಂದು ತಪ್ಪು ಅಭ್ಯಾಸವಿತ್ತಂತೆ. ಚೌಕ ಇಷ್ಟೇ ಎತ್ತರ ಎಂದು ಬರೆದಿದ್ದರೂ, ಒಳಗಿನ ಮಾತು ಹೆಚ್ಚಾದರೆ ತಾನಾಗಿ ಹಿಗ್ಗಿಸಿಬಿಡುತ್ತಿತ್ತು. ಇವನು ಆ ತಪ್ಪನ್ನೇ ನೆಚ್ಚಿಕೊಂಡು ಪುಟ ಕಟ್ಟಿದ. ಆಮೇಲೆ ಲೋಕಕ್ಕೆಲ್ಲ ಒಂದೇ ನಿಯಮವಾಗಿ, ಹೊಸ ಬ್ರೌಸರ್ ಸರಿಯಾದದ್ದನ್ನು ಕಲಿಯಿತು. ಆದರೂ ಹಳೆಯ ಪುಟ ಎದುರಾದರೆ ಹಳೆಯ ತಪ್ಪನ್ನೇ ಬೇಕೆಂದು ಮಾಡಿ ತೋರಿಸುತ್ತಿತ್ತು.

“ಹಾಗ್ಮಾಡ್ದಿದ್ರೆ ಹಳೇ ಪುಟಗಳೆಲ್ಲಾ ಮಗುಚಿಕೊಳ್ತವೆ ಅಕ್ಕಾ” ಎಂದು ಬಟ್ಟೆ ಒಣಹಾಕುತ್ತ ಒಮ್ಮೆ ಹೇಳಿದ್ದ.

“ಅಂದ್ರೆ ಅತ್ತೆ ಮುಂದೆ ಓದಿದ ಸೊಸೆ ದಡ್ಡಿ ಹಾಗೆ ಆಡೋದು ಅನ್ನು” ಎಂದೆ. ಕ್ಲಿಪ್ಪು ಬಾಯಲ್ಲಿಟ್ಟುಕೊಂಡೇ ನಕ್ಕ.

ಆಸ್ಪತ್ರೆಗೆ ಹೊಸ ಮ್ಯಾನೇಜರ್ ಬಂದರು. ಒಂದು ದಿನ ನನ್ನ ಬೆಂಚಿನ ಪಕ್ಕದಲ್ಲೇ ಇಬ್ಬರಿಗೂ ಮಾತಾಯಿತು.

“ಹಳೇ ತಪ್ಪು ತೋರಿಸೋ ಈ ಬ್ರೌಸರ್ ಇನ್ನು ಹೆಚ್ಚು ದಿನ ಇರಲ್ಲ ಕಣ್ರೀ. ಎಲ್ಲಾ ಒಟ್ಟಿಗೆ ಕುಸಿದುಬಿದ್ರೆ ಯಾರು ಹೊಣೆ? ಪುಟಗಳನ್ನ ನಿಯಮಕ್ಕೆ ತನ್ನಿ.”

“ಎಲ್ಲಾ ಹೊಸದಾಗಿ ಬರೀಬೇಕು ಸರ್. ಸ್ವಲ್ಪ ಟೈಮ್ ಕೊಡಿ.”

“ನಿಮ್ಮ ಸ್ವಲ್ಪ ಮುಗಿಯೋದು ಯಾವಾಗ? ನಾನು ಬರೋಕ್ಕಿಂತ ಮುಂಚಿನಿಂದ್ಲೂ ಇದೇ ರಾಗವಂತೆ. ಮೇಲೆ ಒಂದು ಸಾಲು ಸೇರಿಸಿದ್ರೆ ಆಗುತ್ತಂತಲ್ಲ!”

ಅವರು ಹೇಳಿದ್ದೂ ಸುಳ್ಳಲ್ಲ. ಇದು ನಿಯಮದ ಪುಟ ಎಂದು ಪುಟದ ತಲೆಯಲ್ಲಿ ಒಂದು ಸಾಲು ಬರೆದುಬಿಟ್ಟರೆ ಬ್ರೌಸರ್ ನಟನೆ ಬಿಟ್ಟು ನೆಟ್ಟಗೆ ನಡೆಯುತ್ತದೆ. ಕೂತು ಬರೆಯಬೇಕಾದ್ದನ್ನು ಇವನು ವರ್ಷಗಟ್ಟಲೆ ಮುಂದೂಡಿದ್ದ. ಈಗ ಬೈಗುಳಕ್ಕೆ ಹೆದರಿ ಆ ಸಾಲು ಹಾಕಿದ. ಪರೀಕ್ಷೆಗೆಂದು ತಾನೇ ಹುಟ್ಟಿಸಿಕೊಂಡಿದ್ದ ಸುಳ್ಳು ರೋಗಿಯ ಪುಟ ತೆರೆದು ನೋಡಿದ. ಆ ರೋಗಿಗೆ ಇದ್ದದ್ದು ಒಂದು ಚಿಕ್ಕ ಎಚ್ಚರಿಕೆ. ಚೌಕದಲ್ಲಿ ಅಂದವಾಗಿ ಕೂತಿತು. ಸರಿ ಎಂದು ಎದ್ದು ಬಂದ.

ನಮ್ಮವರಿಗಿದ್ದದ್ದು ಸಾಲುಸಾಲು ಎಚ್ಚರಿಕೆಗಳು.

ಅಂದು ವಾಡಿಕೆಯ ಸಿಸ್ಟರ್ ರಜೆ. ಬೇರೆ ವಾರ್ಡಿನಿಂದ ಬಂದ ಹುಡುಗಿ ಕೆಂಪು ಚೌಕ ಓದಿದಳು: ಸಕ್ಕರೆ ಕಾಯಿಲೆ ಇದೆ, ಎಡಗೈಗೆ ಸೂಜಿ ಬೇಡ. ಅಲ್ಲಿಗೆ ಚೌಕ ಮುಗಿದಿತ್ತು. ಅದು ಹಿಗ್ಗಲಿಲ್ಲ, ಔಷಧದ ಮಾತು ಕೆಳಗಿನ ಬಿಳಿ ಚೌಕದ ಅಡಿಗೆ ಸರಿದುಹೋಗಿತ್ತು. ಅವಳು ಬಲಗೈ ಹಿಡಿದು, ಎಲ್ಲರಿಗೂ ಕೊಡುವಂತೆ ಔಷಧ ಕೊಟ್ಟಳು. ಇವರಿಗೋ ಮಲಗಿದೊಡನೆ ಜೋಂಪು. ಸಂಜೆ ರಕ್ತ ಕಾರಿಕೊಂಡರು. ಮಾರನೆಯ ಬೆಳಿಗ್ಗೆ, ಅವರು ಉಳಿಯಲಿಲ್ಲವೆಂದು ಡಾಕ್ಟರು ನನ್ನ ಮುಖ ನೋಡದೆ ಹೇಳಿದರು.

ವಿಚಾರಣೆಗೆ ನನ್ನನ್ನೂ ಕರೆದರು. ಆ ಹುಡುಗಿ, “ನಾ ನೋಡ್ದಾಗ ಇರ್ಲಿಲ್ಲ ಸರ್, ದೇವ್ರಾಣೆಗೂ ಇರ್ಲಿಲ್ಲ” ಎಂದು ಒಂದೇ ಸಮನೆ ಅಳುತ್ತಿದ್ದಳು. ಕಂಪ್ಯೂಟರ್ ತೆರೆದರೆ ಔಷಧದ ಎಚ್ಚರಿಕೆ ಕೆಂಪಗೆ ಕಣ್ಣಿಗೆ ರಾಚುವಂತಿತ್ತು.

“ಇದೇನಮ್ಮ ಇದು, ಕಾಣಿಸ್ತಿದೆಯಲ್ಲ? ಕಣ್ಣೇನು ಮನೇಲಿಟ್ಟು ಬಂದಿದ್ಯಾ?” ಎಂದರು ಹಿರಿಯ ಡಾಕ್ಟರು. ಅವಳ ಕೆಲಸವಷ್ಟೇ ಅಲ್ಲ, ಜೈಲಿನ ಮಾತೂ ಬಂತು. ನನಗೂ ಅವಳನ್ನು ಸಿಗಿದು ಹಾಕುವಷ್ಟು ಸಿಟ್ಟು.

ಗೋಡೆಗೊರಗಿ ನಿಂತಿದ್ದ ಮುಟ್ಬೇಡಣ್ಣ ಮುಂದೆ ಬಂದ. ಮ್ಯಾನೇಜರ್ ಅವನ ತೋಳು ಹಿಡಿದರು. “ಈಗ ಸರಿಯಿದೆಯಲ್ರೀ, ಸುಮ್ನಿರಿ.”

“ಬಿಡಿ ಸರ್.”

ಕುರ್ಚಿಯ ತುದಿಯಲ್ಲಿ ಕೂತು ಆ ಸಾಲನ್ನು ಮತ್ತೆ ಹಾಕಿದ. ಪುಟ ತೆರೆದ. ನಾನು ಅಕ್ಷರ ಕೂಡಿಸಿಕೊಂಡು ಓದುವವಳು. ಸಕ್ಕರೆ ಕಾಯಿಲೆ ಇದೆ. ಎಡಗೈಗೆ ಸೂಜಿ ಬೇಡ. ಮುಂದೆ ಏನೂ ಇರಲಿಲ್ಲ. ಸಾಲು ತೆಗೆದ, ಔಷಧದ ಮಾತು ಬಂತು. ಮತ್ತೆ ಹಾಕಿದ, ಹೋಯಿತು.

“ಇವ್ರು ನೋಡಿದ್ದು ಈ ಪುಟಾನ. ಮಾಡಿದ್ದು ನಾನು. ಸುದ್ದಿ ಕೇಳಿ ಓಡಿ ಬಂದು ಸರಿಮಾಡಿಟ್ಟಿದ್ದೂ ನಾನೇ” ಎಂದ.

ಅವನ ಬೆರಳು ಇನ್ನೂ ಕೀಲಿಮಣೆಯ ಮೇಲಿತ್ತು. “ಇನ್ನೊಂದ್ಸಲ ತೋರಿಸ್ಬೇಡ” ಎಂದೆ. ನನ್ನ ಗಂಡನ ಜೀವ ಒಮ್ಮೆ ಬಂದು ಒಮ್ಮೆ ಹೋದ ಹಾಗಾಗುತ್ತಿತ್ತು.

ಹುಡುಗಿಯ ಕೆಲಸ ಉಳಿಯಿತು. ಅವನದು ಅಂದೇ ಹೋಯಿತು. ಮ್ಯಾನೇಜರಿಗೆ ಏನೂ ಆಗಲಿಲ್ಲ. ಕಾರ್ಯಗಳೆಲ್ಲ ಮುಗಿದು ನೆಂಟರು ಹೊರಟ ಮೇಲೆ ಅವನು ಬಾಗಿಲಲ್ಲಿ ಬಂದು ನಿಂತ, ಹೊಸ್ತಿಲು ದಾಟಲಿಲ್ಲ.

“ಅಕ್ಕಾ, ರೂಮು ಖಾಲಿ ಮಾಡ್ಲಾ?”

“ಆ ಹುಡುಗಿ ಬಾಳು ಉಳಿಸ್ದೆ, ಇಲ್ಲ ಅನ್ನಲ್ಲ. ಬಾಯ್ಮುಚ್ಕೊಂಡಿದ್ರೆ ನಿನ್ನನ್ನ ಯಾರೂ ಕೇಳ್ತಿರ್ಲಿಲ್ಲ, ಅದೂ ಗೊತ್ತು. ಆದ್ರೆ ದಿನಾ ತಲೆ ಮೇಲೆ ನಿನ್ನ ಹೆಜ್ಜೆ ಸಪ್ಪಳ ಕೇಳೋಕೆ ನನ್ನ ಕೈಲಾಗಲ್ಲಪ್ಪ.”

ತಲೆಯಾಡಿಸಿದ. ಮೆಟ್ಟಿಲಿಳಿಯುವಾಗ ಅವನ ಹಾಸಿಗೆಯ ಸುರುಳಿ ಗೋಡೆಗೆ ಉಜ್ಜಿ ಸುಣ್ಣ ಉದುರಿತು. ಸುರುಳಿಯನ್ನು ಕೆಳಗಿಟ್ಟು, ಬಗ್ಗಿ, ಬಿದ್ದ ಚೂರುಗಳನ್ನು ಅಂಗೈಯಿಂದ ಬಳಿಯತೊಡಗಿದ.

“ಬಿಡು” ಎಂದೆ. ಅವನೊಡನೆ ನಾನಾಡಿದ ಕೊನೆಯ ಮಾತು ಅದು.