ಕಡಲ ಹಿತ್ತಲಿನ ಅವರೆ

ನನ್ನ ಸೋದರತ್ತೆಯ ಹೆಬ್ಬೆರಳಿನ ಉಗುರುಗಳು ಅವರೆಯ ಕಾಲ ಮುಗಿದು ಎಂಥ ಬೇಸಿಗೆ ಬಂದರೂ ಬಿಳುಪಾಗುತ್ತಿರಲಿಲ್ಲ. ಬಯಲುಸೀಮೆಯ ನಮ್ಮೂರು ಚಿಕ್ಕಲಸಂದ್ರದ ರಾಗಿ ಹೊಲಗಳ ಸಾಲಿನಲ್ಲಿ ಬೆಳೆದ ಅವರೆಯನ್ನು ವರ್ಷ ವರ್ಷವೂ ಸುಲಿದು, ಕಾಳು ನೆನೆಸಿ, ಸಿಪ್ಪೆ ಹಿತಕಿ ಹಿತಕಿ ಹಸಿರುಗಪ್ಪಾದ ಉಗುರುಗಳು ಅವು. "ಉಗುರು ನೋಡಿದ್ರೇ ಗೊತ್ತಾಗ್ಬೇಕು ಕಣೆ, ನಾನು ಯಾವೂರೋಳು ಅಂತ," ಎಂದು ಅದಕ್ಕೂ ಜಂಬ ಪಡುತ್ತಿದ್ದಳು.

ಅರವತ್ತರ ದಶಕದ ಮೊದಲಲ್ಲಿ ನನಗೆ ಕುಂದಾಪುರದ ಆಚೆ, ಕಡಲಿನ ಮಗ್ಗುಲ ಒಂದು ಊರಿನಲ್ಲಿ ಶಾಲೆಯ ಕೆಲಸ ಸಿಕ್ಕಿತು. ಮದುವೆಯಾಗದ ಮಗಳನ್ನು ಅಷ್ಟು ದೂರ ಕಳಿಸಲು ಅಪ್ಪ ಸುತರಾಂ ಒಪ್ಪಲಿಲ್ಲ. ಗಂಡನನ್ನು ಕಳೆದುಕೊಂಡು ನಮ್ಮ ಮನೆಯಲ್ಲೇ ಇದ್ದ ಅತ್ತೆ, "ಜೊತೇಲಿ ನಾನು ಹೋಗ್ತೀನಿ ಬಿಡು," ಎಂದಳು. ಅಪ್ಪ ಕರಾರು ಹಾಕಿದರು: "ಸಂಕ್ರಾಂತಿಗೆ ಬಂದು ನೋಡ್ತೀನಿ. ಅಕ್ಕಂಗೆ ಆ ಊರು ಒಗ್ಗದೆ ಹೋದ್ರೆ ಇಬ್ರೂ ವಾಪಸ್." ಹೀಗೆ ನನ್ನ ನೌಕರಿ ಅತ್ತೆಯ ಮನಸ್ಸಿನ ಮೇಲೆ ನಿಂತಿತು.

ಆ ಮನಸ್ಸೋ ಮೊದಲ ದಿನವೇ ಮುನಿಸಿಕೊಂಡಿತು. ಹಂಚಿನ ಮನೆ ಚೆನ್ನಾಗಿಯೇ ಇತ್ತು, ಆದರೆ ಹಿತ್ತಲ ತುಂಬ ಬರೀ ಮರಳು. ಒಂದು ಹಿಡಿ ಎತ್ತಿ ಬೆರಳ ಸಂದಿಯಿಂದ ಸುರಿದು, "ಇದೂ ಒಂದು ಮಣ್ಣಾ? ಕೈಲೇ ನಿಲ್ಲಲ್ಲ," ಎಂದಳು. ಆದರೂ ಸೆರಗಿನಲ್ಲಿ ಗಂಟು ಕಟ್ಟಿ ತಂದಿದ್ದ ಅವರೆ ಬೀಜದಲ್ಲಿ ಅರ್ಧವನ್ನು ಆಷಾಢದಲ್ಲೇ ಊರಿದಳು. ರಾಗಿ ಬಿತ್ತುವ ಹೊತ್ತಿಗೆ ಅವರೆಯೂ ಬೀಳಬೇಕು, ಅವಳು ಬಲ್ಲದ್ದು ಅದೊಂದೇ ಲೆಕ್ಕ. ಅಲ್ಲಿಯ ಮಳೆ ಬಿಡದೆ ಸುರಿದು ಮೊಳಕೆಗಳನ್ನೆಲ್ಲ ಕೊಳೆಸಿಹಾಕಿತು. ಅತ್ತೆ ಟ್ರಂಕಿನ ಮುಂದೆ ಕುಳಿತು ಸೀರೆ ಮಡಿಸತೊಡಗಿದಳು. "ಇನ್ನರ್ಧ ಬೀಜ ಐತೆ. ಅದೂ ಹೋದ್ರೆ ನಾನೂ ಹೊರಟೆ ಮಗ, ಬೇಜಾರ್ ಮಾಡ್ಕೋಬೇಡ," ಎಂದಳು.

ಮೀನು ಮಾರುವ ನೆರೆಮನೆಯಾಕೆ ಬೇಲಿಯಾಚೆಯಿಂದ ನಕ್ಕು, ಮಳೆ ಹೋಗುವ ತನಕ ಇಲ್ಲಿ ಯಾರೂ ತರಕಾರಿ ಹಾಕುವುದಿಲ್ಲ ಎಂದು ತಿಳಿಸಿದಳು. ಹುಟ್ಟಿನಿಂದ ಬೇಸಾಯ ಬಲ್ಲ ಅತ್ತೆಗೆ ಅವಮಾನವಾಯಿತು. ಎರಡು ದಿನ ಹಿತ್ತಲ ಕಡೆ ಹೋಗಲಿಲ್ಲ. ಮೂರನೆಯ ದಿನ ಜಗಲಿಯಲ್ಲಿ ಕುಳಿತು ಆ ಊರನ್ನು ನೋಡತೊಡಗಿದಳು. ಬೆಳಗಿನ ಗಾಳಿ ನೆಲದ ಕಡೆಯಿಂದ, ಮಧ್ಯಾಹ್ನದ್ದು ಕಡಲಿನಿಂದ. ಕಡಲಗಾಳಿ ನೇರವಾಗಿ ತಾಗಿದ ಚಿಗುರು ಸುಟ್ಟಂತಾಗುತ್ತದೆ, ಗೋಡೆಯ ಮರೆಯದ್ದು ಉಳಿಯುತ್ತದೆ. ಏಡಿಗಳು ಎಲ್ಲಿ ತೂತು ಕೊರೆಯುತ್ತವೋ ಅಲ್ಲಿ ಮೊಳದಾಳಕ್ಕೇ ತೇವ. "ಈ ಊರು ಒಣಗಿರೋ ಹಂಗೆ ನಾಟಕ ಆಡುತ್ತೆ ಕಣೆ, ಒಳಗೆಲ್ಲ ನೀರು," ಎಂದು ಮಳೆ ನಿಂತ ಮೇಲೆ ಒಂದು ಸಂಜೆ ಹೇಳಿದಳು. ಅಂದು ರಾತ್ರಿ ನನಗೆ ನೆಮ್ಮದಿಯ ನಿದ್ದೆ ಬಂತು.

ನವರಾತ್ರಿಯಲ್ಲಿ ಉಳಿದ ಬೀಜ ಊರಿದಳು. ಕಡಲ ಕಡೆಗೆ ತೆಂಗಿನ ಗರಿಯ ತಡಿಕೆ, ಬುಡಕ್ಕೆ ಬೂದಿ ಮತ್ತು ನೆರೆಯಾಕೆ ಕೊಟ್ಟ ಮೀನಿನ ಗೊಬ್ಬರ. ಮೂಗು ಮುಚ್ಚಿಕೊಂಡೇ ಹಾಕಿದಳು. ಡಿಸೆಂಬರಿನಲ್ಲಿ ಹೂ ಬಂತು. ಆಮೇಲೆ ಕಾಯಿ.

ಸಂಕ್ರಾಂತಿಗೆ ಅಪ್ಪ ಬಂದರು, ಬರುವಾಗಲೇ ನಮ್ಮ ಸಾಮಾನು ಕಟ್ಟಲು ಹಗ್ಗ ತಂದಿದ್ದರು. ಅತ್ತೆ ಮುದ್ದೆ, ಹಿತಕಿದ ಬೇಳೆಯ ಸಾರು ಬಡಿಸಿದಳು. ಅಪ್ಪ ಎರಡನೇ ಮುದ್ದೆಗೆ ಕೈ ಚಾಚಿ, "ಅವರೆಕಾಯಿ ಊರಿಂದ ಯಾರು ತಂದ್ಕೊಟ್ರಕ್ಕ?" ಎಂದರು.

"ಹಿತ್ತಲಿಗೋಗಿ ನೋಡು," ಎಂದಳು ಅತ್ತೆ.

ಅಪ್ಪ ಎಂಜಲು ಕೈಯಲ್ಲೇ ಹೋಗಿ, ತಡಿಕೆಯ ಮರೆಯಲ್ಲಿ ಗೊಂಚಲು ತೂಗುತ್ತಿದ್ದ ಬಳ್ಳಿಗಳ ಮುಂದೆ ನಿಂತರು. ಒಂದು ಕಾಯಿ ಕಿತ್ತು ಮೂಸಿ, "ಸೊಗಡೂ ಐತಲ್ಲಕ್ಕ," ಎಂದರು. ಮರುದಿನ ಒಬ್ಬರೇ ಹೊರಟರು. ಹಗ್ಗವನ್ನು ಅತ್ತೆ ಅವರೆ ಬಳ್ಳಿ ಹಬ್ಬಿಸಲು ಇಟ್ಟುಕೊಂಡಳು.

ನಾನು ಅದೇ ಶಾಲೆಯಲ್ಲಿ ಹೆಡ್‌ಮಿಸ್ ಆಗಿ ನಿವೃತ್ತಳಾದೆ. ನಾನು ನನ್ನ ಕಾಲ ಮೇಲೆ ನಿಂತದ್ದು ಅತ್ತೆಯಿಂದ. ಅವಳು ಕಡೆಯವರೆಗೂ ಊರಿಗೆ ಹೋಗುವ ಮಾತೆತ್ತಲಿಲ್ಲ, ಆ ಮನೆಯಲ್ಲೇ, ಅವರೆಯ ಕಾಲದಲ್ಲೇ ತೀರಿಕೊಂಡಳು. ಕೊನೆಯ ಸಲ ಅವಳ ಕೈ ತೊಳೆದವಳು ನಾನು. ಉಗುರು ಎಂದಿನಂತೆ ಹಸಿರುಗಪ್ಪು. ಉಗುರ ಸಂದಿಯಲ್ಲಿ ಮರಳು ನಿಂತಿತ್ತು. ಅದನ್ನು ನಾನು ತೆಗೆಯಲಿಲ್ಲ.