ತಿಮಿಂಗಿಲದ ಐದು ಬೆರಳು

ಗುರುವಾರ ಬಂತೆಂದರೆ ದೊಡ್ಡಮ್ಮನ ಕೈಗಳಿಗೆ ಏನು ಮಾಡಬೇಕೆಂದೇ ತೋಚುತ್ತಿರಲಿಲ್ಲ. ಉಳಿದ ಆರು ದಿನ ಎಡಗಡೆ ಸೊಂಟದ ಮೇಲೆ ಎಂಟು ತಿಂಗಳ ಗುಂಡ, ಬಲಗೈಗೆ ಜೋತುಬಿದ್ದು ನಾಲ್ಕು ವರ್ಷದ ಪುಟ್ಟಿ. ರಜೆಯ ದಿನ ಆ ಕೈಗಳು ಬಾಡಿಗೆಗೆ ಯಾರೂ ಬಾರದ ಮನೆಯ ಹಾಗೆ ಬಿಕೋ ಎನ್ನುತ್ತಿದ್ದವು.

ಆ ಮಕ್ಕಳಿಗೆ ಅವಳೇನೂ ರಕ್ತಸಂಬಂಧಿಯಲ್ಲ. ತಾಯಿ ಹಲ್ಲಿನ ಡಾಕ್ಟರು. ತಂದೆ ಸೇತುವೆ ಕಟ್ಟಿಸುವ ಕೆಲಸದವನು, ವಾರದಲ್ಲಿ ನಾಲ್ಕು ದಿನ ಬೇರೆ ಊರು. ಗುಂಡನಿಗೆ ಐದು ತಿಂಗಳಾದಾಗ ಇಬ್ಬರೂ ಸೇರಿ ಅವಳನ್ನು ದೇಶ ಬಿಡಿಸಿ, ವಿಮಾನ ಹತ್ತಿಸಿ ಕರೆಸಿಕೊಂಡಿದ್ದರು. ಬಂದ ದಿನವೇ ಪುಟ್ಟಿಗೆ ದೊಡ್ಡಮ್ಮ ಎಂದು ಕರೆಯಲು ಹೇಳಿಕೊಟ್ಟರು. ಐವತ್ತೊಂದನೆಯ ವಯಸ್ಸಿನಲ್ಲಿ ಸಿಕ್ಕಿದ ಆ ಹೆಸರು ಅವಳಿಗೆ ಹೇಳಿ ಹೊಲಿಸಿದಂತೆ ಒಪ್ಪಿತು.

ಅದಕ್ಕೆ ಮೊದಲು ಇಪ್ಪತ್ತೆರಡು ವರ್ಷ ಅವಳು ಹೆರಿಗೆ ಆಸ್ಪತ್ರೆಯಲ್ಲಿ ಆಯಾ. ಹುಟ್ಟಿದ ಕೂಸನ್ನು ಒರೆಸಿ, ಬಟ್ಟೆ ಸುತ್ತಿ, ತಾಯಿಗೆ ಕೊಡುವ ಮುಂಚೆ ಕೈಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಎಣಿಸುವುದು ಅವಳ ಪದ್ಧತಿ. ಹತ್ತೂ ಸಿಕ್ಕಿದ ಮೇಲೆ, "ಎಲ್ಲಾ ಸರಿಯಾಗಿದೆ ನೋಡಮ್ಮ," ಎನ್ನುವಳು. ಹಾಗೆ ಹೇಳೆಂದು ಯಾರೂ ಅವಳಿಗೆ ಕಲಿಸಿರಲಿಲ್ಲ. ಇಲ್ಲಿಗೆ ಬಂದ ಮೇಲೂ ಪದ್ಧತಿ ಬಿಡಲಿಲ್ಲ. ದಿನಾ ಸಂಜೆ ಗುಂಡನಿಗೆ ಎಣ್ಣೆ ತಿಕ್ಕಿದ ಮೇಲೆ, ರಾತ್ರೋರಾತ್ರಿ ಯಾರೋ ಒಂದನ್ನು ಕದ್ದೊಯ್ದಿರಬಹುದೆಂಬಂತೆ ಹತ್ತು ಬೆರಳನ್ನೂ ಎಣಿಸುತ್ತಿದ್ದಳು.

ಮೊದಲ ತಿಂಗಳು ರಜೆಯ ದಿನಗಳನ್ನು ಕಿಟಕಿಯ ಪಕ್ಕ ಕೂತೇ ಕಳೆದಳು. ಕೊನೆಗೆ ಡಾಕ್ಟರಮ್ಮನೇ ಬಸ್ಸಿನ ಕಾರ್ಡೊಂದನ್ನು ಕೈಗಿತ್ತು ಹೊರಗೆ ಅಟ್ಟಿದಳು. ಇಲ್ಲಿನ ಅಕ್ಷರ ದೊಡ್ಡಮ್ಮನಿಗೆ ಓದಲು ಬಾರದು, ಅಂಕಿ ಬರುತ್ತಿತ್ತು. ಹಾಗಾಗಿ ಒಂದನೇ ನಂಬರಿನಿಂದ ಶುರು ಮಾಡಿದಳು. ಒಂದು ಗುರುವಾರಕ್ಕೆ ಒಂದು ಬಸ್ಸು. ಕೊನೆಯ ನಿಲ್ದಾಣದವರೆಗೆ ಹೋಗುವುದು, ಅಲ್ಲಿ ಏನಿದೆಯೋ ಅದನ್ನು ನೋಡುವುದು, ಅದೇ ನಂಬರಿನಲ್ಲಿ ಮರಳುವುದು. ಎರಡನೇ ನಂಬರು ಗಾಜಿನ ಮನೆಯೊಳಗಿನ ತೋಟಕ್ಕೆ ಕರೆದೊಯ್ಯಿತು. ಅಲ್ಲಿ ಮೊರದಗಲದ ಎಲೆಗಳು ನೀರಿನ ಮೇಲೆ ತೇಲುತ್ತಿದ್ದವು. ನಾಲ್ಕನೆಯದು ಇಳಿಸಿದಲ್ಲಿ ಒಂದು ಹಡಗಿಗೆ ದಾರಿ ಬಿಡಲೆಂದು ಸೇತುವೆ ನಡುವೆ ಸೀಳಿ ಎದ್ದು ನಿಂತಿತು. ರಸ್ತೆ, ರಸ್ತೆಯ ಬಿಳಿ ಗೆರೆ, ಎಲ್ಲವೂ ಆಕಾಶಕ್ಕೆ ಮುಖ ಮಾಡಿ ನಿಂತದ್ದನ್ನು ಕಂಡು ಅವಳು ಬುತ್ತಿ ಬಿಚ್ಚುವುದನ್ನೇ ಮರೆತಳು. ಫೋನಿನಲ್ಲಿ ಇದನ್ನೆಲ್ಲ ಕೇಳಿಸಿಕೊಂಡ ಅವಳ ಅಕ್ಕ, "ಬಸ್ ಹತ್ತೋದು, ಬಸ್ ಇಳಿಯೋದು. ಅದಕ್ಕೆ ಅಷ್ಟು ದೂರ ಹೋಗ್ಬೇಕಿತ್ತೇನೇ? ಇಲ್ಲೇ ಕಂಡಕ್ಟರ್ ಆಗಿದ್ರೆ ಸೀಟಿ ಆದ್ರೂ ಕೊಡ್ತಿದ್ರು," ಎಂದು ನಕ್ಕಳು.

ಏಳನೇ ನಂಬರಿನ ಹಿಂದಿನ ದಿನ ಸಂಜೆ ಡಾಕ್ಟರಮ್ಮ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಮಾತೆತ್ತಿದಳು. ಮುಂದಿನ ತಿಂಗಳಿಂದ ಕ್ಲಿನಿಕ್ಕಿನವರು ಗುರುವಾರವೂ ಬರಲು ಹೇಳುತ್ತಿದ್ದಾರೆ.

"ಅಕ್ಕ, ನಿಮ್ಮ ರಜೆ ಬಿಟ್ಟುಕೊಡ್ತೀರಾ? ಬೇರೆ ಯಾವತ್ತಾದ್ರೂ ಹೊಂದಿಸೋಣ."

ಯಾವತ್ತಾದರೂ ಎಂಬ ದಿನ ಯಾವ ವಾರದಲ್ಲೂ ಬರುವುದಿಲ್ಲವೆಂದು ಇಪ್ಪತ್ತೆರಡು ವರ್ಷ ಆಸ್ಪತ್ರೆಯಲ್ಲಿ ದುಡಿದವಳಿಗೆ ಗೊತ್ತಿತ್ತು. ಆದರೆ ಅಷ್ಟೂ ವರ್ಷದಲ್ಲಿ ಒಬ್ಬ ಡಾಕ್ಟರಿಗೂ ಅವಳು ಆಗುವುದಿಲ್ಲ ಎಂದವಳಲ್ಲ. ನಾಳೆ ಬಂದು ಹೇಳುತ್ತೇನೆಂದು ಪಾತ್ರೆ ತೊಳೆಯಲು ತಿರುಗಿದಳು. ತೊಳೆದ ಪಾತ್ರೆಯನ್ನೇ ಇನ್ನೊಮ್ಮೆ ತೊಳೆದಳು.

ಮರುದಿನ ಏಳನೇ ನಂಬರು ಅವಳನ್ನು ದೊಡ್ಡದೊಂದು ಕಲ್ಲಿನ ಕಟ್ಟಡದ ಎದುರು ಇಳಿಸಿತು. ಒಳಗೆ ಹೋಗುವ ಯೋಚನೆ ಅವಳಿಗಿರಲಿಲ್ಲ. ಅಷ್ಟೆತ್ತರದ ಕಂಬಗಳಿರುವ ಕಡೆ ತನ್ನಂಥವಳಿಗೆ ಏನು ಕೆಲಸ? ರಸ್ತೆ ದಾಟಿ, ಆ ಮೆಟ್ಟಿಲ ಕೆಳಗಿನ ಬೆಂಚಿನಲ್ಲಿ ಕೂತು ಬುತ್ತಿ ಉಂಡು ಹಿಂತಿರುಗಿದರಾಯಿತು ಎಂದುಕೊಂಡು ಸಿಗ್ನಲ್ಲಿಗೆ ಕಾದಳು. ಹಸಿರು ಬಂತು. ಹೆಜ್ಜೆ ಎತ್ತುವ ಮುನ್ನ ಬಲಗೈ ತನ್ನಷ್ಟಕ್ಕೆ ಪಕ್ಕಕ್ಕೆ ಚಾಚಿತು, ಬೆರಳುಗಳು ಬಿಚ್ಚಿದವು. ಬೆಚ್ಚಗಿನ ಪುಟ್ಟ ಕೈಯೊಂದು ಅದರೊಳಗೆ ಬಂದು ಕೂತಿತು. ಇಬ್ಬರೂ ದಾಟತೊಡಗಿದರು.

ನಡುರಸ್ತೆಗೆ ಬಂದ ಮೇಲೆ ಅವಳಿಗೆ ನೆನಪಾಯಿತು. ಇವತ್ತು ಗುರುವಾರ. ಪುಟ್ಟಿ ಮನೆಯಲ್ಲಿದ್ದಾಳೆ. ಹಾಗಾದರೆ ಇದು ಯಾರ ಕೈ?

ಹಳದಿ ಟೋಪಿ ಹಾಕಿದ ಒಂದು ಹುಡುಗಿ. ಮುಂದೆ ಅಂಥವೇ ಇಪ್ಪತ್ತು ಟೋಪಿಗಳ ಸಾಲು. ಆಚೆ ದಡದಲ್ಲಿ ಅವರ ಟೀಚರು ಒಂದೊಂದು ಟೋಪಿ ಮುಟ್ಟಿ ಎಣಿಸುತ್ತಿದ್ದಳು. ಅಲ್ಲಿಗೆ ತಲುಪಿದ ದೊಡ್ಡಮ್ಮ ಕೈ ಬಿಡಿಸಿಕೊಂಡು, ಮುಖದಲ್ಲೇ ಕ್ಷಮೆ ಬೇಡುತ್ತಾ ನಿಂತಳು. ಬೈಯಲಿ, ಪೊಲೀಸರನ್ನು ಕರೆಯಲಿ, ಅದೂ ನ್ಯಾಯವೇ. ಟೀಚರು ಅವಳನ್ನೊಮ್ಮೆ, ಮತ್ತೆ ಅವಳ ಕೈ ಹಿಡಿಯಲು ಹವಣಿಸುತ್ತಿದ್ದ ಹುಡುಗಿಯನ್ನೊಮ್ಮೆ ನೋಡಿದಳು. ನಕ್ಕು, ದೊಡ್ಡಮ್ಮನ ಭುಜವನ್ನೂ ಮುಟ್ಟಿ ಲೆಕ್ಕದಲ್ಲಿ ಸೇರಿಸಿಕೊಂಡು, ಮೆಟ್ಟಿಲ ಕಡೆ ಕೈ ತೋರಿದಳು.

ಒಳಗೆ ಒಂದು ಹಜಾರ. ತಲೆಯೆತ್ತಿದ ದೊಡ್ಡಮ್ಮನಿಗೆ ಮೊದಲು ಅದು ಮಗುಚಿ ನೇತುಹಾಕಿದ ದೋಣಿಯಂತೆ ಕಂಡಿತು, ಹಲಗೆ ಹೊದಿಸುವುದನ್ನು ಮರೆತ ದೋಣಿ. ಆಮೇಲೆ ಹಲಗೆಗಳು ಪಕ್ಕೆಲುಬುಗಳಾದವು, ಮುಂದೆ ತಲೆ ಕಾಣಿಸಿತು. ಡಾಕ್ಟರಮ್ಮನ ಮನೆಯ ನಡುಮನೆ, ಮಕ್ಕಳ ಕೋಣೆ, ತನ್ನ ಕೋಣೆ ಮೂರನ್ನೂ ಸಾಲಾಗಿ ಇಟ್ಟರೂ ಅದರ ಬಾಲ ಹೊರಗುಳಿಯುತ್ತಿತ್ತು. ತಿಮಿಂಗಿಲ. ಹೆಸರು ಕೇಳಿದ್ದಳು, ಮಕ್ಕಳ ಪುಸ್ತಕದಲ್ಲಿ ನಗುವ ನೀಲಿ ಮೀನಾಗಿ ಕಂಡಿದ್ದಳು. ಒಳಗೆ ಹೀಗಿರುತ್ತದೆಂದು ಯಾರು ಹೇಳಿದ್ದರು?

ಅಲ್ಲಿನ ವಿವರಣೆಗಾರ ಅವಳಿಗೆ ತಿಳಿಯದ ಭಾಷೆಯಲ್ಲಿ ಏನೇನೋ ಹೇಳಿದ. ಬಳಿಕ ತಿಮಿಂಗಿಲದ ಎದೆಯ ಪಕ್ಕ ಇಳಿಬಿದ್ದ ರೆಕ್ಕೆಯನ್ನು ಕೋಲಿನಿಂದ ತೋರಿಸಿ, ತನ್ನ ಅಂಗೈಯನ್ನು ಮೇಲಕ್ಕೆತ್ತಿ, ಬೆರಳು ಬಿಡಿಸಿ ಹಿಡಿದ. ಇಪ್ಪತ್ತೊಂದು ಪುಟ್ಟ ಅಂಗೈಗಳು ಮೇಲೆದ್ದವು.

ದೊಡ್ಡಮ್ಮ ಆ ರೆಕ್ಕೆಯನ್ನು ನೋಡಿದಳು. ಅದು ರೆಕ್ಕೆಯಾಗಿರಲಿಲ್ಲ. ತೋಳಿತ್ತು, ಮಣಿಕಟ್ಟಿತ್ತು, ಅಲ್ಲಿಂದಾಚೆ ಗೆಣ್ಣು ಗೆಣ್ಣಾಗಿ ಬೆರಳುಗಳಿದ್ದವು. ಕಿರುಬೆರಳಿನಿಂದ ಶುರು ಮಾಡಿದಳು, ಯಾವಾಗಲೂ ಹಾಗೆಯೇ. ನಾಲ್ಕು ಸಿಕ್ಕವು. ಐದನೆಯದು ಮೋಟಾಗಿ ಪಕ್ಕಕ್ಕೆ ಸರಿದು ನಿಂತಿತ್ತು, ಗುಂಡನ ಹೆಬ್ಬೆರಳಿನ ಹಾಗೆ.

ಟೋಪಿಗಳ ಸಾಲು ಮುಂದಿನ ಹಜಾರಕ್ಕೆ ಹೋಯಿತು. ಹುಡುಗಿ ಕೈ ಬೀಸಿ ಹೋದಳು. ದೊಡ್ಡಮ್ಮ ತಿಮಿಂಗಿಲದ ಹೊಟ್ಟೆಯ ಕೆಳಗೆ ನಡೆದು ಇನ್ನೊಂದು ಬದಿಗೆ ಬಂದು ಆ ಕೈಯನ್ನೂ ಎಣಿಸಿದಳು. ಸಾವಿರಾರು ಕೈ ಬಿಡಿಸಿ ನೋಡಿದವಳು ಅವಳು. ಆ ಎಣಿಕೆ ನೆಲದ ಮೇಲೆಯೇ ಮುಗಿಯುತ್ತದೆಂದು ತಿಳಿದಿದ್ದಳು. ಕತ್ತಲ ನೀರಿನ ಆಳದಲ್ಲೂ ಯಾರೋ ಇದೇ ಲೆಕ್ಕ ಹಿಡಿದು, ಯಾರೂ ಬಿಡಿಸಿ ನೋಡದ ಕೈಯೊಳಗೆ ಐದನ್ನೂ ಜೋಪಾನವಾಗಿ ಇಟ್ಟಿದ್ದರು. ತಾನು ಮಾತಾಡುತ್ತಿದ್ದೇನೆಂದು ಅವಳಿಗೆ ಗೊತ್ತಾದದ್ದು ಮಾತು ಮುಗಿದ ಮೇಲೆಯೇ.

"ಎಲ್ಲಾ ಸರಿಯಾಗಿದೆ ನೋಡಮ್ಮ."

ಎಂದೋ ಯಾವುದೋ ಸಮುದ್ರದಲ್ಲಿ ಇದನ್ನು ಹೆತ್ತವಳಿಗೆ ಹೇಳಿರಬೇಕು.

ಸಂಜೆ ಗುಂಡನಿಗೆ ಎಣ್ಣೆ ತಿಕ್ಕುತ್ತಾ, ತಲೆ ಎತ್ತದೆ ಹೇಳಿದಳು. "ಗುರುವಾರ ಬಿಡೋಕಾಗಲ್ಲ ಡಾಕ್ಟರಮ್ಮ."

ಡಾಕ್ಟರಮ್ಮ ಇದನ್ನು ನಿರೀಕ್ಷಿಸಿರಲಿಲ್ಲ. "ಬಸ್ಸಲ್ಲಿ ಸುತ್ತೋದು ತಾನೇ ಅಕ್ಕ? ಅಂಥದ್ದೇನಿದೆ ಅಲ್ಲಿ?"

ದೊಡ್ಡಮ್ಮ ಗುಂಡನ ಎಣ್ಣೆಗೈಯನ್ನು ಬಿಡಿಸಿ ತೋರಿಸುತ್ತಾ ಎಲ್ಲವನ್ನೂ ಹೇಳಿದಳು. ಯಾರದೋ ಮಗುವಿನ ಕೈ ಹಿಡಿದು ರಸ್ತೆ ದಾಟಿದ್ದನ್ನೂ ಮುಚ್ಚಿಡಲಿಲ್ಲ. ಡಾಕ್ಟರಮ್ಮ ನಗಲು ಹೊರಟವಳು ನಡುವೆಯೇ ನಿಲ್ಲಿಸಿದಳು.

"ಬೆರಳಿರೋದು ಗೊತ್ತು. ಪರೀಕ್ಷೆಗೆ ಓದಿದ್ದೆ," ಎಂದಳು. "ಐದು ವರ್ಷ ಆಯ್ತು ಈ ಊರಿಗೆ ಬಂದು. ಆ ಕಟ್ಟಡ ದಿನಾ ದಾಟಿ ಹೋಗ್ತೀನಿ."

ಮಗುವಿನ ಕೈಯನ್ನು ತನ್ನ ಕೈಗೆ ತೆಗೆದುಕೊಂಡು ಅವಳೂ ಒಮ್ಮೆ ಎಣಿಸಿದಳು. ಕ್ಲಿನಿಕ್ಕಿನವರಿಗೆ ಶನಿವಾರ ಬರುತ್ತೇನೆಂದು ಹೇಳುವುದಾಗಿಯೂ, ಆ ದಿನ ಮಕ್ಕಳನ್ನು ಅವರಪ್ಪನೂ ಸ್ವಲ್ಪ ನೋಡಿಕೊಳ್ಳಲಿ ಎಂದೂ ಗೊಣಗಿದಳು. ಗುರುವಾರ ಉಳಿಯಿತು.

ಅಷ್ಟು ಹೊತ್ತೂ ಕೇಳುತ್ತಿದ್ದ ಪುಟ್ಟಿ ದೊಡ್ಡಮ್ಮನ ಸೆರಗು ಜಗ್ಗಿದಳು. "ಅದಕ್ಕೆ ಉಗುರು ಇತ್ತಾ?"

ವಾರಕ್ಕೊಮ್ಮೆ ಈ ಎರಡು ಮಕ್ಕಳ ಉಗುರು ಕತ್ತರಿಸುವವಳು ಅದನ್ನು ನೋಡಿಯೇ ಇರಲಿಲ್ಲ.

"ನೋಡ್ಕೊಂಡು ಬರ್ತೀನಿ ಕಣೇ," ಎಂದಳು.

ಎಂಟನೇ ನಂಬರು ಇನ್ನೊಂದು ವಾರ ಕಾಯಬೇಕಾಯಿತು.